ಮೂಗಿನಿಂದ ಬರೆದ ಅರ್ಜಿಗಳು

ನಾನು ಲೇಖನಿ ಹಿಡಿದ ಕಡೆ ಏನಾದರೊಂದು ಆಗಿಯೇ ತೀರುತ್ತದೆ. ಬೇರೆಯವರು ಬರೆದರೆ ಕಾಗದ ಹೋಗುತ್ತದೆ, ಕಾಗದ ಬರುತ್ತದೆ, ಅಷ್ಟೆ. ನಾನು ಬರೆದರೆ ಓದಿದವನ ಬಾಯಲ್ಲಿ ನೀರೂರಬೇಕು, ಇಲ್ಲವೇ ಅವನು ಮೂಗು ಮುಚ್ಚಿಕೊಳ್ಳಬೇಕು. ಇದನ್ನು ಜಂಬ ಅನ್ನುವವರು ಅನ್ನಲಿ. ಲೋಯರ್ ಸೆಕೆಂಡರಿ ಪಾಸು ಮಾಡಿ ತಾಲ್ಲೂಕು ಕಚೇರಿ ಮುಂದಿನ ಹೊಂಗೆ ಮರದ ಕೆಳಗೆ ಚಾಪೆ ಹಾಸಿಕೊಂಡು ಅರ್ಜಿ ಬರೆಯುವವನು ನಾನು. ಯಾವ ತಾಲ್ಲೂಕು ಅಂತ ಮಾತ್ರ ಕೇಳಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿ, ಮೂರರಲ್ಲಿ ಒಂದು. ತಾಲ್ಲೂಕಿಗೇ ದೊಡ್ಡವರಾದ ಅಮಲ್ದಾರರು ಇನ್ನೂ ನೌಕರಿಯಲ್ಲಿದ್ದಾರೆ, ನಾನೂ ಇನ್ನೂ ಅದೇ ಮರದ ಕೆಳಗೆ ಕೂರಬೇಕು.

ಮರದ ಇನ್ನೊಂದು ಪಕ್ಕದಲ್ಲಿ ಒಬ್ಬ ಹಿರಿಯ ಬರಹಗಾರರು ಕೂರುತ್ತಿದ್ದರು. ಮೂವತ್ತು ವರ್ಷದಿಂದ ಒಂದೇ ಅರ್ಜಿ ಬರೆಯುತ್ತಿದ್ದವರು. ಹೆಸರು, ಊರು ಬದಲಾಗುತ್ತಿತ್ತು, ಮಿಕ್ಕದ್ದೆಲ್ಲಾ ಅದೇ. "ಅರ್ಜಿಗೆ ಮೂಗು, ನಾಲಿಗೆ ಯಾಕಯ್ಯಾ? ಮೊಹರು ಬಿದ್ರೆ ಸಾಕು" ಅನ್ನುತ್ತಿದ್ದರು. ನಮ್ಮೂರ ಹಳ್ಳಕ್ಕೆ ಅಡ್ಡಲಾಗಿ, ಜನ ಗಾಡಿ ದಾಟುವ ಹಾಗೆ, ಒಂದು ಮೋರಿ ಕಟ್ಟಿಸಿಕೊಡಿ ಅಂತ ಅವರ ಕೈಲೇ ನಾಲ್ಕು ಸಲ ಬರೆಸಿದ್ದೆವು. ನಾಲ್ಕಕ್ಕೂ ಮೊಹರು ಬಿದ್ದಿತ್ತು. ಮೋರಿ ಬಂದಿರಲಿಲ್ಲ.

ಆ ಮೋರಿ ನಮಗೆ ಎಷ್ಟು ಬೇಕಾಗಿತ್ತು ಅನ್ನುವುದಕ್ಕೆ ಒಂದೇ ಮಾತು ಹೇಳುತ್ತೇನೆ. ನಮ್ಮ ಬೀದಿಯ ಅಕ್ಕಯ್ಯನಿಗೆ ಹೆರಿಗೆ ನೋವು ಬಂದ ದಿನ ಹಳ್ಳ ತುಂಬಿತ್ತು. ಸೂಲಗಿತ್ತಿ ಆಚೆ ದಡದಲ್ಲೇ ಸಿಕ್ಕಿಬಿದ್ದಳು. ಹಳ್ಳದಿಂದ ಅಕ್ಕಯ್ಯನ ಮನೆಯವರೆಗೆ ಆರು ಜನ ಹೆಂಗಸರು ಸಾಲಾಗಿ ನಿಂತು ಮಾತು ಸಾಗಿಸಿದರು. ಆಚೆಯಿಂದ ಸೂಲಗಿತ್ತಿ "ಉಸ್ರು ಕಟ್ಟಿ ಮುಕ್ಕು ಅನ್ರವ್ವಾ!" ಅಂತ ಕೂಗಿದರೆ ಅದು ಆರು ಬಾಯಿ ದಾಟಿ ಒಳಗೆ ಹೋಗಬೇಕು. ಮಗು ಏನೋ ಸುಖವಾಗಿ ಹುಟ್ಟಿತು. ಆದರೆ ಇನ್ನೊಂದು ಸಲ ಹಾಗೇ ಆಗುತ್ತದೆ ಅಂತ ಎದೆ ಮುಟ್ಟಿ ಹೇಳುವವರು ಊರಲ್ಲಿ ಯಾರೂ ಇರಲಿಲ್ಲ.

೧. ದಂಡಿಗೆ ಹೋದ ಬಸ್ಸಾರು

ಯುದ್ಧ ನಡೆಯುತ್ತಿದ್ದ ಕಾಲ. ಅಕ್ಕಯ್ಯನ ಗಂಡ ದಂಡಿಗೆ ಸೇರಿ ಎಲ್ಲೋ ಮರಳುಗಾಡಿನಲ್ಲಿದ್ದ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಗದ ಬರೆಸಲು ಬಂದಳು.

"ಇಲ್ಲಿ ಎಲ್ಲಾ ಸೇಮ, ನಿಮ್ ಸೇಮಕ್ಕೆ ಬರೀರಿ ಅಂತ ಬರಿ ಕಣಪ್ಪ."

"ಅಷ್ಟೇನಾ ಅಕ್ಕಯ್ಯಾ?"

"ಇನ್ನೇನದೆ?"

"ಇವತ್ತು ಏನ್ ಸಾರು ಮಾಡಿದ್ದೆ?"

"ಅವರೆಕಾಯ್ ಬಸ್ಸಾರು. ಅದ್ಯಾಕ್ಲಾ ಕಾಗ್ದಕ್ಕೆ?"

ನಾನು ಬರೆಯುತ್ತಾ ಹೋದೆ. ಸೊಪ್ಪು ಕಾಳು ಬೆಂದು ಬಸಿಯುವಾಗ ಏಳುವ ಹಬೆ, ಒರಳಿನಲ್ಲಿ ಬೆಳ್ಳುಳ್ಳಿ ಜಜ್ಜುವ ಸದ್ದು, ಒಗ್ಗರಣೆ ಬಿದ್ದಾಗ ಪಕ್ಕದ ಮನೆಯವಳು ಕೆಮ್ಮಿದ್ದು, ಬಿಸಿ ಮುದ್ದೆಯ ನೆತ್ತಿಯಲ್ಲಿ ಹೆಬ್ಬೆರಳಿಂದ ಗುಳಿ ಮಾಡಿ ಸಾರು ಬಿಟ್ಟಾಗ ಬೆರಳು ಚುರುಗುಟ್ಟಿದ್ದು. ಕೊನೆಗೆ ಮಗುವಿನ ನೆತ್ತಿ ಮೂಸಿ ನೋಡಿ, ಹರಳೆಣ್ಣೆ ವಾಸನೆಯನ್ನೂ ಸೇರಿಸಿದೆ. ಓದಿ ಹೇಳಿದಾಗ ಅಕ್ಕಯ್ಯ, "ಬೆಳಿಗ್ಗೆ ತಾನೇ ಉಂಡ್ ಬಂದಿವ್ನಿ, ಮತ್ತೆ ಅಸಿವಾಯ್ತದಲ್ಲೋ" ಅಂದಳು.

ಮೂರು ತಿಂಗಳಿಗೆ ಜವಾಬು ಬಂತು. "ಮಗೀಗೆ ಮುತ್ತು. ನಿನ್ನ ಕಾಗದ ಗುಡಾರದಲ್ಲಿ ಗಟ್ಟಿಯಾಗಿ ಓದಿಸಿದೆ. ನಮ್ಮ ಕಡೆಯ ಹನ್ನೊಂದು ಜನ ಕೇಳಿ, ದಂಡಿನವರು ಕೊಟ್ಟ ಡಬ್ಬಿ ಊಟ ಮುಟ್ಟದೆ ರಾತ್ರಿಯೆಲ್ಲಾ ಹಸಿದು ಮಲಗಿದೆವು. ಮೇಲಿನ ಸಾಹೇಬರು ಮುಷ್ಕರ ಅಂದುಕೊಂಡು ವಿಚಾರಣೆ ಮಾಡಿದರು. ಇನ್ನು ಮೇಲೆ ದಯವಿಟ್ಟು ಊಟದ ವಿಷಯ ಬರೆಸಬೇಡ."

ಅದರ ಕೆಳಗೆ, ಬೇರೆ ಮಸಿಯಲ್ಲಿ, ಇನ್ನೊಂದು ಸಾಲಿತ್ತು. "ಬರೆಸಲೇಬೇಕು ಅಂದರೆ ಮಸ್ಸೊಪ್ಪಿನದು ಬರೆಸು. ಎಲ್ಲರೂ ಕೇಳುತ್ತಿದ್ದಾರೆ."

೨. ಕಾಗದದ ಎತ್ತು

ಈ ಸುದ್ದಿ ನಮ್ಮೂರ ಪಟೇಲರ ಕಿವಿಗೆ ಬಿತ್ತು. "ದಂಡ್ನೋರ್ಗೇ ಊಟ ಬುಡುಸ್ದೋನು, ಅಮಲ್ದಾರ್ರ ಕೈಲಿ ಮೋರಿ ಕಟ್ಸಕಾಗಲ್ವೇನ್ಲಾ?" ಅಂದರು.

"ಯಾಕಾಗಲ್ಲ? ಕಟ್ಸೇ ಕಟ್ಸ್ತೀನಿ" ಅಂದೆ, ಅರಳಿಕಟ್ಟೆಯಲ್ಲಿ ಇಪ್ಪತ್ತು ಜನರ ಎದುರಿಗೆ.

ಆ ವಾರವೇ ಪಟೇಲರ ಎತ್ತು ಹಳ್ಳ ದಾಟುವಾಗ ಕೊಚ್ಚಿಕೊಂಡು ಹೋಯಿತು. ಸತ್ತಿರಲಿಲ್ಲ, ಎಲ್ಲೋ ದಡ ಹತ್ತಿ ಹೋಗಿದೆ ಅಂತ ದನ ಕಾಯುವವರು ನೋಡಿದ್ದರು. "ಮೋರಿ ಆಮ್ಯಾಕೆ. ಮೊದ್ಲು ನನ್ ಎತ್ತಿಗೆ ಬರಿ" ಅಂದರು ಪಟೇಲರು.

ಹಿರಿಯ ಬರಹಗಾರರಾಗಿದ್ದರೆ 'ಎತ್ತು, ಒಂದು' ಅಂತ ಬರೆದು ಮುಗಿಸುತ್ತಿದ್ದರು. ನಾನು ಬಿಡುತ್ತೇನೆಯೇ? ಹಾಲಿನ ಕೆನೆಯ ಬಣ್ಣ. ಕೊರಳ ಗಂಟೆ ಅಲ್ಲಾಡಿದರೆ ಬೆಳಗಿನ ಜಾವದ ಪೂಜೆ ನೆನಪಾಗಬೇಕು. ಬೆನ್ನ ಮೇಲೆ ಕೈ ಆಡಿಸಿದರೆ ಹೊಸ ರೇಷ್ಮೆ. ಮೇವು ಮೆಲ್ಲುವಾಗ ಉಸಿರಿನಲ್ಲಿ ನೆನೆಸಿದ ಹುರುಳಿಯ ಕಂಪು. ನಡೆದರೆ ಮದುವಣಿಗ. ಇದನ್ನೆಲ್ಲಾ ಕಟ್ಟೆಯ ಮೇಲೆ ಓದಿದೆ. ಪಟೇಲರು ಕಣ್ಣು ಮುಚ್ಚಿ ಕೇಳಿ, "ಅಯ್ಯೋ, ಇಂಥಾ ಎತ್ತ ಕಳ್ಕಂಡ್ಬುಟ್ನಲ್ಲಪ್ಪಾ!" ಅಂತ ಅತ್ತೇಬಿಟ್ಟರು.

ನಕಲು ಮಾಡಿ ಸುತ್ತಲ ಹೋಬಳಿಗೆಲ್ಲಾ ಕಳಿಸಿದೆವು. ಹತ್ತು ದಿನಕ್ಕೆ ಆತಗೂರಿನ ಕಡೆಯ ಬೀದಿದನದ ದೊಡ್ಡಿಯಿಂದ ಕರೆ ಬಂತು. ಪಟೇಲರೂ ನಾನೂ ಹೋದೆವು. ದೊಡ್ಡಿಯ ಮೂಲೆಯಲ್ಲಿ ಒಂದು ಬೂದು ಎತ್ತು, ಒಂದು ಕೊಂಬು ಮೊಂಡು, ಬಾಲದ ತುದಿಯಲ್ಲಿ ಸಗಣಿ ಗಂಟು. ಪಟೇಲರನ್ನು ಕಂಡದ್ದೇ ಓಡಿ ಬಂದು ಅವರ ತೋಳು ನೆಕ್ಕತೊಡಗಿತು.

"ಇದಲ್ಲ ಕಣಪ್ಪ" ಅಂದರು ಪಟೇಲರು ದೊಡ್ಡಿಯವನಿಗೆ.

"ಬುದ್ದಿ, ನಿಮ್ ತೋಳು ನೆಕ್ತಾ ಅದಲ್ಲ!"

"ನೆಕ್ಲಿ ಬುಡು. ನಂಗೆ ಕಾಗ್ದದಾಗಿರೋ ಎತ್ತೇ ಬೇಕು."

೩. ಬೆಲ್ಲದ ಅರ್ಜಿ

ಆ ಬೂದು ಎತ್ತನ್ನು ಪಟೇಲರ ಕೊಟ್ಟಿಗೆಗೆ ಹೊಡೆದು ತರುವಷ್ಟರಲ್ಲಿ ನನಗೊಂದು ಪಾಠ ಆಗಿತ್ತು. ಕಂಡದ್ದನ್ನು ಬರೆಯಬೇಕು, ಮೂಸಿದ್ದನ್ನು ಬರೆಯಬೇಕು, ನಾಲಿಗೆಗೆ ತಾಗಿದ್ದನ್ನು ಬರೆಯಬೇಕು. ಕಟ್ಟುಕಥೆ ಕೂಡದು. ಇಂಥ ಪಾಠವನ್ನು ಒಂದೇ ಎತ್ತಿನಲ್ಲಿ ಕಲಿತವನು ನಾನೊಬ್ಬನೇ ಇರಬೇಕು.

ಆಮೇಲೆ ಮೋರಿಗೆ ಕೂತೆ. ಆಗ ಆಲೆಮನೆಗಳ ಕಾಲ. ಅಕಾಲದ ಮಳೆ ಬಿದ್ದು ಕಬ್ಬಿನ ಗಾಡಿ ಹಳ್ಳದಲ್ಲಿ ಹೂತರೆ ಕಬ್ಬು ಒಣಗುತ್ತದೆ, ಬೆಲ್ಲ ಕೆಡುತ್ತದೆ. ಎಂಥ ಬೆಲ್ಲ ಕೆಡುತ್ತದೆ ಅನ್ನುವುದು ಅಮಲ್ದಾರರಿಗೆ ತಿಳಿಯಬೇಡವೇ? ಆಲೆಮನೆಗೆ ಹೋಗಿ ಒಂದು ಹೊತ್ತು ಕೂತು, ಕಣ್ಣು ಮೂಗು ಬಿಚ್ಚಿಕೊಂಡು ಬರೆದೆ. ಕೊಪ್ಪರಿಗೆಯಲ್ಲಿ ಪಾಕ ಉಕ್ಕುವಾಗ ಗುಳುಗುಳು ಸದ್ದು, ಬೆಂಡೆಯ ಲೋಳೆ ಹಾಕಿದೊಡನೆ ಮೇಲೇಳುವ ಕೊಳೆ ನೊರೆ, ಅದನ್ನು ತೆಗೆದ ಮೇಲೆ ಹೊನ್ನಿನ ಬಣ್ಣ, ಕಬ್ಬಿನ ಗರಿಯ ಮೇಲೆ ಸುರಿದ ಬಿಸಿ ಪಾಕಕ್ಕೆ ಒಂದು ಚೂರು ಕೊಬ್ಬರಿ ಒತ್ತಿ ಬಾಯಿಗಿಟ್ಟರೆ ನಾಲಿಗೆ ಸುಟ್ಟರೂ ಉಗುಳಲು ಮನಸ್ಸು ಬಾರದ ಸಂಕಟ.

ಹಿರಿಯ ಬರಹಗಾರರು ಓದಿ, "ಇದರಲ್ಲಿ ಮೋರಿ ಎಲ್ಲಿದೆಯಯ್ಯಾ?" ಅಂದರು.

"ಕೊನೇ ಸಾಲಲ್ಲಿದೆ ಸ್ವಾಮಿ."

ನಾಲ್ಕು ಅರ್ಜಿಗೆ ಅಲ್ಲಾಡದ ಕಚೇರಿ ನನ್ನ ಒಂದು ಅರ್ಜಿಗೆ ನಾಲ್ಕೇ ದಿನಕ್ಕೆ ಎದ್ದು ಬಂತು. ಅಮಲ್ದಾರರು, ಅವರ ಕೈಕೆಳಗಿನ ಶೇಕದಾರರು, ಇಬ್ಬರು ಗುಮಾಸ್ತರು, ಒಬ್ಬ ಜವಾನ, ಎರಡು ಗಾಡಿ. ನೇರ ಆಲೆಮನೆಗೇ ಬಂದರು. ನಮ್ಮ ಕಡೆ ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಇಲ್ಲ. ದಾರಿಹೋಕನಿಗೂ ಒಂದು ಚೊಂಬು ಹಾಲು, ಒಂದು ಹಿಡಿ ಬೆಲ್ಲ ಕೊಡಲೇಬೇಕು. ಹಾಲು ಅಂದರೆ ಕಬ್ಬಿನ ಹಾಲು. ಅಮಲ್ದಾರರು ಮೂರು ಚೊಂಬು ಕುಡಿದರು. ನಾಲ್ಕನೆಯದು ಬೇಡ ಅಂದು ಕುಡಿದರು. ಆಮೇಲೆ ಬಿಸಿ ಬೆಲ್ಲ. ಆಮೇಲೆ ಮನೆಗೆ ಅಂತ ಅಚ್ಚು ಬೆಲ್ಲ.

ಕೈ ತೊಳೆದುಕೊಂಡು, "ಹಳ್ಳ ಎಲ್ಲಿದೆಯಯ್ಯಾ?" ಅಂದರು.

"ಈಗ್ ದಾಟ್ಕಂಡ್ ಬಂದ್ರಲ್ಲ ಬುದ್ದಿ."

"ಅದೇನಾ? ಗಾಡಿ ಸಲೀಸಾಗಿ ಬಂತಲ್ಲಯ್ಯಾ!"

ಬರದೆ ಏನು? ಆಲೆಮನೆ ನಡೆಯುವುದು ಬೇಸಿಗೆ ಮುಟ್ಟುವ ಕಾಲದಲ್ಲಿ. ಹಳ್ಳದಲ್ಲಿ ಆಗ ಕಪ್ಪೆ ಮುಳುಗುವಷ್ಟೂ ನೀರಿಲ್ಲ. ಕಡತದಲ್ಲಿ ಬರೆದದ್ದನ್ನು ಗುಮಾಸ್ತರೇ ನನಗೆ ತೋರಿಸಿದರು. "ಸ್ಥಳ ತನಿಖೆ ಮಾಡಲಾಯಿತು. ಬೆಲ್ಲ ಉತ್ತಮವಾಗಿದೆ. ಮೋರಿಯ ಅಗತ್ಯ ಕಂಡುಬರಲಿಲ್ಲ."

ಇದು ಸಾಲದೆಂದು ಮುಂದಿನ ವಾರ ಶೇಕದಾರರು ಮರುತನಿಖೆಗೆ ಬಂದರು. ಹೆಂಡತಿ, ಐದು ಮಕ್ಕಳು, ಅತ್ತೆಯವರ ಸಮೇತ.

೪. ಕೆಸರಿನ ಅರ್ಜಿ

ಮಳೆಗಾಲ ಬಂತು. ಒಂದು ದಿನ ನಮ್ಮವ್ವ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಹಳ್ಳ ದಾಟುವಾಗ ಜಾರಿ ಬಿದ್ದಳು. ನಾನು ನಾಲ್ಕು ಮಾರು ಹಿಂದೆ ಇದ್ದೆ. ಓಡಿ ಹೋಗಿ ಎತ್ತಿದರೆ, "ನನ್ ಬುಡ್ಲಾ, ಹುಲ್ಲಿನ ಹೊರೆ ತೇಲ್ಕಂಡ್ ಓಯ್ತಾ ಅದೆ, ಅದ ಇಡ್ಕೊ" ಅಂದಳು. ಸೊಂಟ ಉಳುಕಿತ್ತು. ಬೆನ್ನ ಮೇಲೆ ಹೊತ್ತು ಮನೆಗೆ ತಂದೆ.

ಸಿಟ್ಟಿನಲ್ಲಿ ಕೂತು ಬರೆದೆ. ಬೆಲ್ಲದ ಸುದ್ದಿಯೇ ಇಲ್ಲ. ಈಗಲೂ ಬಾಯಿಪಾಠ ಬರುತ್ತದೆ, ಕೇಳಿ.

"ಈ ಹಳ್ಳಕ್ಕೆ ಕಾಲಿಟ್ಟ ಕೂಡಲೇ ಕೆಸರು ಮಂಡಿಯವರೆಗೆ ಏರಿ ಕಾಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಿತ್ತರೆ, ಹಲ್ಲಿಲ್ಲದ ಬಾಯಿ ಮುತ್ತಿಟ್ಟ ಹಾಗೆ ಪಚಕ್ ಎಂದು ಸದ್ದಾಗುತ್ತದೆ. ಕೊಳೆತ ಗರಿ, ನೆನೆದ ಎಮ್ಮೆ, ಸತ್ತ ಏಡಿ, ಈ ಮೂರೂ ಸೇರಿದ ನಾತವು ಮೂಗಿಗೆ ಹತ್ತಿ, ಊಟಕ್ಕೆ ಕುಳಿತಾಗ ಮುದ್ದೆಯ ಸಂಗಡ ಗಂಟಲಿಗಿಳಿಯುತ್ತದೆ. ನನ್ನ ಹೆತ್ತ ತಾಯಿ ಹುಲ್ಲಿನ ಹೊರೆ ಹೊತ್ತು ಇಲ್ಲಿಯೇ ಜಾರಿ ಬಿದ್ದಳು. ಬಳೆ ಒಡೆದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಾನೇ ಬೆನ್ನ ಮೇಲೆ ಹೊತ್ತು ಮನೆಗೆ ತಂದೆನು. ಆಕೆಯ ಸೀರೆಯಿಂದ ಸೋರಿದ ಕೆಸರು ನನ್ನ ಕತ್ತಿನಲ್ಲಿಳಿದು ಬೆನ್ನುದ್ದಕ್ಕೂ ತಣ್ಣಗೆ ಹರಿಯಿತು."

ಅಮಲ್ದಾರರು ಕಾಫಿ ಕುಡಿಯುತ್ತಾ ಓದಲು ಶುರು ಮಾಡಿದರು. 'ನೆನೆದ ಎಮ್ಮೆ'ಗೆ ಬಂದಾಗ ಕಾಫಿ ಪಕ್ಕಕ್ಕಿಟ್ಟರು. 'ಸತ್ತ ಏಡಿ'ಗೆ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಅಲ್ಲಿಂದ ಮುಂದೆ ಓದಲೇ ಇಲ್ಲ. ನನಗೆ ಒಳಗೊಳಗೇ ಖುಷಿ.

"ಏನಯ್ಯಾ, ಹೀಗಿದೆಯೇ ಹಳ್ಳ?"

"ಊಂ ಬುದ್ದಿ. ಬಂದು ನೋಡ್ಬೇಕು."

"ಇದನ್ನ ಓದಿದ ಮೇಲೆ ಅಲ್ಲಿಗೆ ಯಾವನು ಬರ್ತಾನಯ್ಯಾ? ಮಳೆಗಾಲ ಮುಗೀಲಿ."

"ಮಳೆಗಾಲ ಮುಗುದ್ರೆ ಹಳ್ಳ ಒಣಗೋಯ್ತದಲ್ಲ ಬುದ್ದಿ!"

ಅಮಲ್ದಾರರು ಅರ್ಜಿಯನ್ನು ಗುಮಾಸ್ತರ ಕಡೆ ತಳ್ಳಿದರು. "ಒಣಗಿದ ಹಳ್ಳಕ್ಕೆ ಮೋರಿ ಯಾಕಯ್ಯಾ?" ಅಂದರು.

೫. ಖುದ್ದು ತನಿಖೆ

ಬೆಲ್ಲ ಬರೆದರೆ ಬೆಲ್ಲಕ್ಕೆ ಬರುತ್ತಾರೆ, ಕೆಸರು ಬರೆದರೆ ಬರುವುದೇ ಇಲ್ಲ. ಇಬ್ಬಂದಿಯಲ್ಲಿ ಸಿಕ್ಕಿಕೊಂಡೆ. ಹಿರಿಯ ಬರಹಗಾರರು ಎಲೆ ಅಡಿಕೆ ಅಗಿಯುತ್ತಾ, "ನಿನ್ನ ಮೂಗು ಸ್ವಲ್ಪ ಜಾಸ್ತಿ ಉದ್ದ ಆಯ್ತು" ಅಂದರು.

ಹಾಗಿರುವಾಗ ಒಂದು ದಿನ ಪಟೇಲರಿಗೆ ಸರ್ಕಾರಿ ಕಾಗದ ಬಂತು. ನಾನೇ ಓದಿದೆ. "ಅಮಲ್ದಾರರು ಖುದ್ದಾಗಿ ತನಿಖೆ ನಡೆಸಿ ಸಲ್ಲಿಸಿರುವ ವರದಿಯ ಮೇರೆಗೆ ಮೋರಿ ಮಂಜೂರಾಗಿರುತ್ತದೆ. ಎಂಜಿನಿಯರು ಖುದ್ದು ಬಂದು ಕೆಲಸಕ್ಕೆ ಅಪ್ಪಣೆ ಕೊಡುತ್ತಾರೆ."

ಕಟ್ಟೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. "ಬೆಲ್ಲ ತಿಂದೋದ್ಮ್ಯಾಕೆ ಇನ್ಯಾವಾಗ್ ಬಂದಿದ್ರ್ಲಾ ಅಮಲ್ದಾರ್ರು?"

"ಮಾರುವೇಸದಾಗ್ ಬಂದಿರ್ಬೇಕು ಕಣ್ಲಾ, ಆಗಿನ್ ಕಾಲದ ರಾಜ್ರಂಗೆ" ಅಂದರು ಪಟೇಲರು.

"ಊಂಕಣ! ಅವತ್ ಮಳೇಲಿ ಒಬ್ಬ ಬಳೆಗಾರ ಬಂದಿದ್ನಲ್ಲ, ನಂಗೆ ಅವತ್ತೇ ಅನುಮಾನ" ಅಂತ ಇನ್ನೊಬ್ಬ.

ಶಂಕುಸ್ಥಾಪನೆ ದಿನ ಹಳ್ಳದ ದಡದಲ್ಲಿ ಚಪ್ಪರ ಹಾಕಿ ಮಾವಿನ ತೋರಣ ಕಟ್ಟಿದೆವು. ಮಂಡ್ಯದ ಕಡೆಯಿಂದ ಎಂಜಿನಿಯರು ಮೋಟಾರಿನಲ್ಲಿ ಬಂದರು. ಜರಿ ರುಮಾಲು, ಮುಚ್ಚು ಕೋಟು ತೊಟ್ಟು ಅಮಲ್ದಾರರು. ಕಲ್ಲು ಇಡುವ ಮೊದಲು ಎಂಜಿನಿಯರು ಎದ್ದು ನಿಂತರು. "ನನ್ನ ಸರ್ವೀಸಿನಲ್ಲಿ ಇಂಥ ತನಿಖಾ ವರದಿ ಓದಿಲ್ಲ. ಮನೆಯಲ್ಲಿ ನನ್ನಾಕೆಗೆ ಓದಿ ಹೇಳಿದೆ, ಅತ್ತುಬಿಟ್ಟರು. ಅಮಲ್ದಾರರೇ, ಅದನ್ನು ನೀವೇ ಜನರ ಮುಂದೆ ಓದಬೇಕು" ಅಂತ ಚೀಲದಿಂದ ವರದಿ ತೆಗೆದು ಅವರ ಕೈಗಿತ್ತರು.

ಅಮಲ್ದಾರರು ಹೆಮ್ಮೆಯಿಂದ ಕನ್ನಡಕ ಏರಿಸಿದರು. "ಈ ಹಳ್ಳಕ್ಕೆ ಕಾಲಿಟ್ಟ ಕೂಡಲೇ ಕೆಸರು ಮಂಡಿಯವರೆಗೆ ಏರಿ..."

ನನ್ನದು! ಒಂದಕ್ಷರ ಆಚೀಚೆ ಇಲ್ಲ. ಆಮೇಲೆ ಗೊತ್ತಾಯಿತು. ಒಂದೇ ಹಳ್ಳಕ್ಕೆ ಆರು ಅರ್ಜಿ ಬಂದದ್ದನ್ನು ಕಂಡು, ತನಿಖಾ ವರದಿ ಎಂಟು ದಿನದಲ್ಲಿ ಬರಬೇಕು ಅಂತ ಮೇಲಿನಿಂದ ತಾಕೀತು ಬಂದಿತ್ತು. ಗುಮಾಸ್ತರು ತಮ್ಮ ಕಚೇರಿ ರೂಢಿಯಂತೆ ನನ್ನ ಅರ್ಜಿಯ ಮೇಲಿನ ಬಿನ್ನಹ, ಕೆಳಗಿನ ರುಜು ಎರಡನ್ನೂ ಬಿಟ್ಟು, ನಡುವಿನದನ್ನೆಲ್ಲಾ ಅಚ್ಚುಕಟ್ಟಾಗಿ ಇಳಿಸಿದ್ದರು. ಅಮಲ್ದಾರರು ಓದದೆ ರುಜು ಹಾಕಿದ್ದರು. ಏಡಿಯಿಂದ ಆಚೆಗೆ ಅವರು ಓದುತ್ತಿದ್ದದ್ದು ಇದೇ ಮೊದಲು.

"...ಊಟಕ್ಕೆ ಕುಳಿತಾಗ ಮುದ್ದೆಯ ಸಂಗಡ ಗಂಟಲಿಗಿಳಿಯುತ್ತದೆ. ನನ್ನ ಹೆತ್ತ ತಾಯಿ..."

ನಿಂತರು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು.

"ಓದಿ, ಓದಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ" ಅಂದರು ಎಂಜಿನಿಯರು, ಕಣ್ಣೊರೆಸಿಕೊಳ್ಳುತ್ತಾ.

"...ನನ್ನ ಹೆತ್ತ ತಾಯಿ ಹುಲ್ಲಿನ ಹೊರೆ ಹೊತ್ತು ಇಲ್ಲಿಯೇ ಜಾರಿ ಬಿದ್ದಳು..."

ಜನ ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟಿದರು. ಅಮಲ್ದಾರರ ತಾಯಿ! ನಮ್ಮೂರ ಹಳ್ಳದಲ್ಲಿ! ಹುಲ್ಲಿನ ಹೊರೆ ಹೊತ್ತು!

ನಾನು ಎದ್ದು ನಿಂತೆ. ಇದು ನನ್ನ ಬರವಣಿಗೆ ಅಂತ ಕೂಗುವುದಕ್ಕೆ ಬಾಯಿಯನ್ನೂ ತೆರೆದೆ. ನನ್ನನ್ನು ಬಲ್ಲವರಿಗೆ ಗೊತ್ತು, ತೆರೆದ ಬಾಯನ್ನು ಸುಮ್ಮನೆ ಮುಚ್ಚುವವನಲ್ಲ ನಾನು. ಅಮಲ್ದಾರರ ಕಣ್ಣು ನನ್ನ ಮೇಲೇ ಇತ್ತು, ಕಟುಕನ ಮುಂದಿನ ಕುರಿಯ ಹಾಗೆ. ಕಲ್ಲು ಇನ್ನೂ ಇಟ್ಟಿರಲಿಲ್ಲ, ಎಂಜಿನಿಯರು ಅಪ್ಪಣೆ ಕೊಟ್ಟಿರಲಿಲ್ಲ. ತನಿಖೆಯೇ ಸುಳ್ಳು ಅಂತ ಒಂದು ಮಾತು ಹೊರಬಿದ್ದರೆ ಮೋರಿ ಅಲ್ಲೇ ಮುಳುಗುತ್ತದೆ. ಹೆಂಗಸರ ಸಾಲಿನಲ್ಲಿ ಅಕ್ಕಯ್ಯ ಮಗುವನ್ನೆತ್ತಿಕೊಂಡು ನಿಂತಿದ್ದಳು. ಹುಟ್ಟಿದಂದಿನಿಂದ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತೆ.

"...ನಾನೇ ಬೆನ್ನ ಮೇಲೆ ಹೊತ್ತು ಮನೆಗೆ ತಂದೆನು" ಅಂತ ಅಮಲ್ದಾರರು ಪಿಸುದನಿಯಲ್ಲಿ ಮುಗಿಸಿದರು. ಚಪ್ಪಾಳೆಯೋ ಚಪ್ಪಾಳೆ. ಎಂಜಿನಿಯರು ಅವರ ಕೈ ಕುಲುಕಿದರು. ಕಲ್ಲು ಇಟ್ಟರು. ನಾಳೆಯಿಂದಲೇ ಕೆಲಸ ಶುರುವಾಗಲಿ ಅಂದರು.

ಆಗ ನಮ್ಮವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಜನರ ನಡುವೆ ನುಗ್ಗಿ ಬಂದಳು. ನಾನು ತಡೆಯುವ ಮೊದಲೇ ಅಮಲ್ದಾರರ ಮುಂದೆ ನಿಂತಳು.

"ಬುದ್ದಿ, ನಿಮ್ಮವ್ವಾರ ಸೊಂಟ ಈಗ ಎಂಗದೆ?"

ಅಮಲ್ದಾರರು ರುಮಾಲು ಸರಿಮಾಡಿಕೊಂಡು, "ಪರವಾಗಿಲ್ಲಮ್ಮ" ಅಂದರು.

"ನಾನೂವೇ ಅಲ್ಲೇ ಬಿದ್ದಿದ್ದೆ ಕಣ್ ಬುದ್ದಿ. ಬೇವಿನೆಣ್ಣೆ ಬಿಸಿ ಮಾಡಿ ತಿಕ್ಕುಸಿ, ಮೂರ್ ದಿನಕ್ಕೆ ಎದ್ದು ಓಡಾಡ್ತಾರೆ." ಆಮೇಲೆ ನನ್ನ ಕಡೆ ತಿರುಗಿದಳು. "ನೋಡ್ಲಾ, ಬರುದ್ರೆ ಅಂಗ್ ಬರೀಬೇಕು. ಮರದಡೀಲಿ ಕುಂತು ಊರೋರ್ಗೆಲ್ಲಾ ಬರೀತೀಯ, ನಿಮ್ಮವ್ವ ಬಿದ್ದುದ್ದ ಒಂದ್ ಗೆರೆ ಬರ್ದಿದ್ದೀಯೇನ್ಲಾ?"